ಅಂಗವೈಕಲ್ಯ ಶೇ. 35 ಇದ್ದರೆ ಡಿಗ್ರಿ ಪರೀಕ್ಷೆಗೆ ಸ್ಕ್ರೈಬ್ ಕೊಡಲ್ವಾ?

ಹೊಸನಗರದ ಹುಡುಗ:
ಶಿವಮೊಗ್ಗದ ಒಂದು ಕಾಲೇಜಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಹುಟ್ಟಿನಿಂದಲೇ ಬಲಗೈ ಬೆರಳಲ್ಲಿ ಹಿಡಿತ ಕಮ್ಮಿ. ಮೊದಲ ಪುಟ ಹೇಗೋ ಆಗುತ್ತದೆ, ಎರಡನೇ ಪುಟಕ್ಕೆ ಬೆರಳು ಸೆಟೆದುಕೊಂಡು ನಾನು ಬರೆದದ್ದು ನನಗೇ ಓದೋಕಾಗಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡಲ್ಲಿ ಶೇ. 35 ಅಂತಿದೆ. ಸೆಮಿಸ್ಟರ್ ಪರೀಕ್ಷೆಗೆ ಸ್ಕ್ರೈಬ್ (ನಾನು ಹೇಳಿದ್ದನ್ನು ಬರೆಯುವವರು) ಬೇಕು, ಸ್ವಲ್ಪ ಜಾಸ್ತಿ ಸಮಯ ಬೇಕು ಅಂತ ಆಫೀಸಲ್ಲಿ ಕೇಳಿದರೆ "40 ಇಲ್ಲ, ಬರಲ್ಲ" ಅಂದರು. ಅಷ್ಟೇ. ಅಪ್ಪ ಬೇರೆ "ಸುಮ್ನೆ ಯಾಕೆ ಜಗಳ, ಆದಷ್ಟು ಬರಿ" ಅಂತಾರೆ. ಏನು ಮಾಡಲಿ?

ತುಂಗಾತೀರ:
ಆ 40 ಮೀಸಲಾತಿಗೆ ಬೇಕಾದ ಲೆಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 32ನೇ ಸೆಕ್ಷನ್ನಿನ ಶೇ. 5 ಸೀಟು ಕೇಳೋದಾದರೆ 40 ಇರಲೇಬೇಕು. ಸ್ಕ್ರೈಬ್, ಹೆಚ್ಚು ಸಮಯ ಬರೋದು 17ನೇ ಸೆಕ್ಷನ್ನಲ್ಲಿ, ಅಲ್ಲಿ 40ರ ಸುದ್ದಿಯೇ ಇಲ್ಲ. 2021ರಲ್ಲಿ ವಿಕಾಸ್ ಕುಮಾರ್ ಅನ್ನುವವರು ಯುಪಿಎಸ್‌ಸಿ ವಿರುದ್ಧ ಹೂಡಿದ್ದ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅವರದ್ದೂ ಬರೆಯುವಾಗ ಕೈ ಸೆಟೆಯುವ ತೊಂದರೆಯೇ! ಆಮೇಲೆ 2022ರ ಆಗಸ್ಟಲ್ಲಿ ಕೇಂದ್ರ ಸರ್ಕಾರ 40ಕ್ಕಿಂತ ಕಮ್ಮಿ ಇರುವವರಿಗೆ ಅಂತಲೇ ಬೇರೆ ಮಾರ್ಗಸೂಚಿ ತಂದಿತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆ ಪೇಪರಿಗೆ ಇನ್ನೊಂದು ಗಂಟೆ. ಆದರೆ ಕಾರ್ಡೊಂದೇ ಸಾಲದು. ಬರೆಯೋಕೆ ತೊಂದರೆ ಇದೆ, ಸ್ಕ್ರೈಬ್ ಅಗತ್ಯ ಅಂತ ಸರ್ಕಾರಿ ಆಸ್ಪತ್ರೆಯ ವೈದ್ಯರ ಮಂಡಳಿ ಬರೆದುಕೊಡಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ, ಮೊದಲು ಆ ಕೆಲಸ.

ಭದ್ರಾವತಿ ಅಕ್ಕ:
ತಮ್ಮಾ, ಇನ್ನು ಬಾಯಲ್ಲಿ ಕೇಳೋದು ಬಿಡು. ಪ್ರಾಂಶುಪಾಲರಿಗೆ ಅರ್ಜಿ ಬರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಕಳಿಸಿ ಅಂತ ಅದರಲ್ಲೇ ಕೇಳು, ನಿನ್ನ ನಕಲಿಗೆ ಸೀಲು ತಾರೀಖು ಹಾಕಿಸಿಕೊಳ್ಳದೆ ಆಫೀಸಿಂದ ಹೊರಗೆ ಬರಬೇಡ.

ಸ್ಕ್ರೈಬ್ ಆಗಿ ನಾನೇ ಕೂತಿದ್ದೆ, ಅದಕ್ಕೆ ಹೇಳ್ತೀನಿ: ಕಾಮರ್ಸ್ ಓದುತ್ತಿರುವ ಪಿಯು ಮಕ್ಕಳನ್ನೇ ಹುಡುಕು. ಸೈನ್ಸ್‌ನವರಿಗೆ "ಡೆಬಿಟ್ ಕಡೆ ಟು ಸೇಲ್ಸ್" ಅಂದರೆ ಪೆನ್ನು ಹಿಡಿದು ನಿನ್ನ ಮುಖ ನೋಡ್ತಾರೆ. ಲೆಡ್ಜರಿಗೆ ಗೆರೆ ಎಳೆಯೋದು, ಮೊತ್ತ ಸರಿಯಾದ ಕಾಲಂನಲ್ಲಿ ಕೂರಿಸೋದು, ಇಷ್ಟರಲ್ಲೇ ಎಷ್ಟು ಹೊತ್ತು ಹೋಗುತ್ತೆ ಗೊತ್ತಾ? ಹಳೇ ಪ್ರಶ್ನೆಪತ್ರಿಕೆ ಒಂದೆರಡನ್ನು ಗಡಿಯಾರ ಇಟ್ಟು ಅವರಿಗೆ ಹೇಳಿ ಬರೆಸು. ಹೇಳಿ ಬರೆಸೋದಕ್ಕೂ ಅಭ್ಯಾಸ ಬೇಕು.

ಸಾಗರದವ:
ಅಪ್ಪನ ಮಾತಿಗೆ ಬೇಜಾರಾಗಬೇಡಿ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ. ಅವರನ್ನೇ ಪ್ರಾಂಶುಪಾಲರ ಹತ್ತಿರ ಕರೆದುಕೊಂಡು ಹೋಗಿ, ಕಾಯ್ದೆ ಗೀಯ್ದೆ ಆಮೇಲೆ. ಎಷ್ಟೋ ಸಲ ಗುಮಾಸ್ತರಿಗೆ ಗೊತ್ತಿರಲ್ಲ, ಅಷ್ಟೇ.

ತುಂಗಾತೀರ:
ಮಾತಾಡಿ, ಬೇಡ ಅನ್ನಲ್ಲ. ಅರ್ಜಿ ಮಾತ್ರ ಜೇಬಲ್ಲಿರಲಿ. ಆಗಲ್ಲ ಅಂದರೆ ಬರಹದಲ್ಲಿ ಕೊಡಿ ಅನ್ನಿ. ಆ ಕಾಗದ ಇದ್ದರೆ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡೋದು ಸುಲಭ.

ಹೊಸನಗರದ ಹುಡುಗ:
ತುಂಬಾ ಥ್ಯಾಂಕ್ಸ್. ಸೋಮವಾರ ಮೆಗ್ಗಾನ್‌ಗೆ ಹೋಗುತ್ತೇನೆ, ಅಪ್ಪನೂ ಬರ್ತೀನಿ ಅಂದಿದ್ದಾರೆ. ಇಂಟರ್ನಲ್ಸ್‌ಗೂ ಕೇಳಬಹುದಾ?

ಭದ್ರಾವತಿ ಅಕ್ಕ:
ಕೇಳಲೇಬೇಕು. ಅದನ್ನು ನಡೆಸೋದು ಕಾಲೇಜೇ ಅಲ್ವಾ, ಶಂಕರಘಟ್ಟದ ಆದೇಶಕ್ಕೆ ಕಾಯೋ ನೆಪ ಅಲ್ಲಿ ನಡೆಯಲ್ಲ. ಅದೇ ಅರ್ಜಿಯಲ್ಲಿ ಒಂದು ಸಾಲು ಸೇರಿಸು.