ಹೊಸ ಗಾಯಕರಿಗೆ ಆಗುವ ಮೋಸದ ಬಗ್ಗೆ ಸಿನಿಮಾ ಮಾಡುತ್ತಿದ್ದೇವೆ, ನಿಜಕ್ಕೆ ಹತ್ತಿರ ಇರಬೇಕಾದರೆ ಏನು ತೋರಿಸಬೇಕು?

ಕ್ಲ್ಯಾಪ್‌ಬೋರ್ಡ್:

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಗೆಳೆಯರು ಕೈಯಿಂದ ದುಡ್ಡು ಹಾಕಿ ಒಂದು ಸಣ್ಣ ಸಿನಿಮಾ ಮಾಡುತ್ತಿದ್ದೇವೆ. ಹಿಂದೆ ನಿರ್ಮಾಪಕರು ಅಂತ ಯಾರೂ ಇಲ್ಲ. ಕಥೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ತಾನೇ ಹಾಡು ಬರೆದು, ರಾಗ ಹಾಕಿ, ಹಾಡುತ್ತಾಳೆ. ಮ್ಯಾನೇಜರ್ ಅಂತ ಹೇಳಿಕೊಂಡು ಒಬ್ಬ ಫೋನ್ ಮಾಡುತ್ತಾನೆ, ಆಲ್ಬಂ ತರೋಣ ಅನ್ನುತ್ತಾನೆ, ಕೊನೆಗೆ ಅವಳ ದುಡ್ಡೂ ಹೋಗುತ್ತದೆ, ಹಾಡೂ ಕೈತಪ್ಪುತ್ತದೆ.

ಸ್ಕ್ರಿಪ್ಟ್ ಓದಿದವರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ, ‘ಇಷ್ಟು ಸುಲಭಕ್ಕೆ ಹೇಗೆ ನಂಬಿದಳು?’ ಅಂತ. ನೋಡುವವರು ಅವಳನ್ನು ಪೆದ್ದಿ ಅಂದುಕೊಂಡರೆ ನಮ್ಮ ಸಿನಿಮಾ ಅಲ್ಲೇ ಸತ್ತಹಾಗೆ. ಇಂಥ ಮೋಸಕ್ಕೆ ಸಿಕ್ಕಿದವರು ನನಗೆ ಗೊತ್ತು, ಅವರಲ್ಲಿ ಒಬ್ಬರೂ ಪೆದ್ದರಲ್ಲ. ಹಾಗಾಗಿ ಇದನ್ನು ಸರಿಯಾಗಿ ಮಾಡಲೇಬೇಕು ಅನ್ನೋ ಹಟ ಇದೆ. ಸಂಗೀತದಲ್ಲಿರುವವರು ಹೇಳಿ, ನಿಜವಾಗಿ ಇದು ಹೇಗೆ ನಡೆಯುತ್ತದೆ? ಆ ಮ್ಯಾನೇಜರ್ ಹೇಗಿರಬೇಕು?

ಮಂದ್ರಷಡ್ಜ:

ಮೊದಲನೇ ಫೋನ್‌ನಲ್ಲಿ ದುಡ್ಡಿನ ಮಾತೇ ಬರಬಾರದು. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಬಂದಿದ್ದರೆ ಮೊದಲು ಅದನ್ನು ತೆಗೆಯಿರಿ.

ನನಗೆ ಗೊತ್ತಿರುವ ಒಬ್ಬ ಹುಡುಗನಿಗೆ ಫೋನ್ ಮಾಡಿದವನು ಏನು ಹೇಳಿದ ಗೊತ್ತಾ? ‘ಎರಡನೇ ಚರಣದಲ್ಲಿ ಗಿಟಾರ್ ನಿಲ್ಲಿಸಿ ಬರೀ ದನಿ ಬಿಟ್ಟಿದ್ದೀರಲ್ಲ, ಆ ಜಾಗ ಮತ್ತೆ ಮತ್ತೆ ಕೇಳಿದೆ’ ಅಂದ. ಆ ಹುಡುಗ ಅದೇ ಜಾಗಕ್ಕೆ ವಾರಗಟ್ಟಲೆ ಒದ್ದಾಡಿದ್ದ. ಮನೆಯವರು, ಗೆಳೆಯರು ಎಲ್ಲರೂ ‘ಚೆನ್ನಾಗಿದೆ’ ಅಂದು ಸುಮ್ಮನಾಗಿದ್ದರು. ಮೊದಲ ಸಲ ಯಾರೋ ನಿಜವಾಗಿ ಕೇಳಿಸಿಕೊಂಡಿದ್ದಾರೆ ಅನ್ನಿಸಿತು ಅವನಿಗೆ. ಅಲ್ಲಿಂದಾಚೆ ಫೋನ್ ಮಾಡಿದವನು ಏನು ಕೇಳಿದರೂ ಹುಡುಗ ಕೊಡುತ್ತಿದ್ದ. ಈ ದೃಶ್ಯಕ್ಕೆ ಪೂರ್ತಿ ಸಮಯ ಕೊಡಿ, ಕತ್ತರಿಸಬೇಡಿ. ‘ಹೇಗೆ ನಂಬಿದಳು’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಇನ್ನೊಂದು. ಈ ಲೈನಿನಲ್ಲಿ ನ್ಯಾಯವಾದ ಖರ್ಚೇ ಜಾಸ್ತಿ. ಸ್ಟುಡಿಯೋ ಬಾಡಿಗೆ, ಮಿಕ್ಸಿಂಗ್, ಮಾಸ್ಟರಿಂಗ್, ವಿಡಿಯೋ, ಆಮೇಲೆ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ವರ್ಷ ವರ್ಷ ಫೀ. ಇಷ್ಟೆಲ್ಲ ಕೊಟ್ಟು ಅಭ್ಯಾಸ ಆದವರಿಗೆ ‘ಪ್ರಮೋಷನ್ ಫೀ’ ಅಂತ ಇನ್ನೊಂದು ಬಿಲ್ ಬಂದರೆ ಅನುಮಾನ ಯಾಕೆ ಬರಬೇಕು ಹೇಳಿ. ಸ್ಟುಡಿಯೋದವನು ದುಡ್ಡು ತಗೊಂಡು ಕೆಲಸ ಮಾಡಿ ಫೈಲ್ ಕೈಗೆ ಕೊಡುತ್ತಾನೆ. ಈ ಮೋಸದ ಮ್ಯಾನೇಜರ್ ಅವಕಾಶ ಮಾರುತ್ತಾನೆ, ‘ಆಡಿಷನ್ ಕೊಡಿಸ್ತೀನಿ, ದೊಡ್ಡವರಿಗೆ ಕೇಳಿಸ್ತೀನಿ’ ಅಂತ. ಕೆಲಸ ಆಗದಿದ್ದರೆ ‘ಅವರಿಗೆ ಇಷ್ಟ ಆಗಲಿಲ್ಲ’ ಅಂದರೆ ಮುಗೀತು. ತಪ್ಪು ಗಾಯಕಿಯ ದನಿಯ ಮೇಲೆ ಬೀಳುತ್ತದೆ, ಅವಳೂ ಅದನ್ನೇ ನಂಬುತ್ತಾಳೆ, ಆಮೇಲೆ ಯಾರ ಹತ್ತಿರ ಹೋಗಿ ದೂರು ಕೊಡುತ್ತಾಳೆ?

ಲೂಪ್_ಪೆಡಲ್:

ಮೇಲಿನವರು ಹೇಳಿದ್ದು ಸರಿ. ಆದರೆ ಈಗಿನ ಕಾಲದ ಕಥೆ ಅಂದಮೇಲೆ ಸ್ಟ್ರೀಮಿಂಗ್ ಮೋಸ ಬರಲೇಬೇಕು.

2024ರಿಂದ ಹಾಡು ಕೇಳುವ ಆ್ಯಪ್ ಸ್ಪಾಟಿಫೈಯಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗಿರದಿದ್ದರೆ ಅದರ ರೆಕಾರ್ಡಿಂಗ್‌ಗೆ ರಾಯಲ್ಟಿ ಸಿಗುವುದಿಲ್ಲ. ಹೊಸಬರಿಗೆ ಆ ಸಾವಿರ ದಾಟುವುದೇ ಕಷ್ಟ. ಅಲ್ಲಿಗೆ ಬರುತ್ತಾರೆ ನೋಡಿ, ‘ನಮ್ಮ ಪ್ಲೇಲಿಸ್ಟ್‌ಗೆ ಹಾಕಿಸಿ, ಗ್ಯಾರಂಟಿ ಪ್ಲೇ ಬರುತ್ತೆ’ ಅನ್ನುವವರು. ದುಡ್ಡು ಕೊಟ್ಟರೆ ನಿಜವಾಗಿಯೂ ಅಂಕಿ ಏರುತ್ತದೆ. ಕೇಳುತ್ತಿರುವುದು ಮನುಷ್ಯರಲ್ಲ ಅಷ್ಟೇ, ಬಾಟ್‌ಗಳು, ಅಂದರೆ ತಾವಾಗಿಯೇ ಹಾಡು ಓಡಿಸುವ ಪ್ರೋಗ್ರಾಂಗಳು. ಸ್ಪಾಟಿಫೈ ಕಂಪನಿಯ ಸ್ವಂತ ಪ್ಲೇಲಿಸ್ಟ್‌ಗಳಿಗೆ ಹಾಡು ಕಳಿಸುವುದು ಪುಕ್ಕಟೆ, ದುಡ್ಡು ಕೊಟ್ಟು ಅಲ್ಲಿ ಜಾಗ ಕೊಳ್ಳುವುದಕ್ಕೆ ಆಗುವುದಿಲ್ಲ. ಇದು ಎಷ್ಟೋ ಹೊಸಬರಿಗೆ ಗೊತ್ತೇ ಇರುವುದಿಲ್ಲ.

ದೃಶ್ಯ ಹೀಗೆ ಮಾಡಬಹುದು. ಹುಡುಗಿ ಬೆಳಗ್ಗೆ ಎದ್ದು ಮೊಬೈಲ್ ನೋಡುತ್ತಾಳೆ, ಗ್ರಾಫ್ ನೇರ ಮೇಲಕ್ಕೆ ಹೋಗಿದೆ, ಖುಷಿಗೆ ಕೈ ನಡುಗುತ್ತದೆ. ಕೇಳುಗರು ಎಲ್ಲಿಯವರು ಅಂತ ಒತ್ತಿ ನೋಡಿದರೆ ಎಲ್ಲರೂ ಅವಳು ಹೆಸರೇ ಕೇಳದ ಒಂದೇ ಊರಿನವರು. ಹಾಡನ್ನು ಸೇವ್ ಮಾಡಿಕೊಂಡವರು ಒಬ್ಬರೂ ಇಲ್ಲ. ಸ್ವಲ್ಪ ದಿನಕ್ಕೆ ಡಿಸ್ಟ್ರಿಬ್ಯೂಟರ್‌ನಿಂದ ಮೇಲ್ ಬರುತ್ತದೆ, ನಕಲಿ ಸ್ಟ್ರೀಮ್ ಸಿಕ್ಕಿದೆ, ಹಾಡು ತೆಗೆಯುತ್ತಿದ್ದೇವೆ ಅಂತ. ಇಂಥದ್ದಕ್ಕೆ 2024ರಿಂದ ಸ್ಪಾಟಿಫೈ ಲೇಬಲ್‌ಗಳಿಗೆ, ಡಿಸ್ಟ್ರಿಬ್ಯೂಟರ್‌ಗಳಿಗೆ ಹಾಡಿನ ಲೆಕ್ಕದಲ್ಲಿ ದಂಡವನ್ನೂ ಹಾಕುತ್ತಿದೆ, ಅದು ಕೊನೆಗೆ ಕಲಾವಿದರ ತಲೆಗೇ ಬರಬಹುದು. ದುಡ್ಡು ಕಳಕೊಂಡವಳೇ ಈಗ ಕಳ್ಳಿ ಅನ್ನಿಸಿಕೊಳ್ಳುತ್ತಾಳೆ. ನನಗೆ ಈ ಭಾಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ತಬಲಾ_ಮೇಷ್ಟ್ರು:

ಚಿಕ್ಕದಾಗಿ ಒಂದು ಸೇರಿಸುತ್ತೇನೆ. ವಾದ್ಯ ನುಡಿಸುವವರಿಗೆ, ಪಾಠ ಹೇಳುವವರಿಗೆ ಬರುವ ಚೆಕ್ ಮೋಸ ಬೇರೆಯೇ ಇದೆ. ಕಾರ್ಯಕ್ರಮಕ್ಕೆ ಬುಕ್ ಮಾಡುತ್ತಾರೆ, ಒಪ್ಪಿದ್ದಕ್ಕಿಂತ ದೊಡ್ಡ ಮೊತ್ತದ ಚೆಕ್ ಕಳಿಸುತ್ತಾರೆ, ‘ತಪ್ಪಾಗಿ ಜಾಸ್ತಿ ಬಂತು, ಉಳಿದದ್ದನ್ನು ಸೌಂಡ್ ಸಿಸ್ಟಮ್‌ನವರಿಗೆ ಕಳಿಸಿಬಿಡಿ’ ಅನ್ನುತ್ತಾರೆ. ನೀವು ಕಳಿಸುತ್ತೀರಿ. ಆಮೇಲೆ ಚೆಕ್ ವಾಪಸ್ ಆಗುತ್ತದೆ. ಸೌಂಡ್ ಸಿಸ್ಟಮ್‌ನವನೂ ಅವರ ಕಡೆಯವನೇ. ಹುಡುಗಿಯ ಗುರುಗಳ ಪಾತ್ರ ಇದ್ದರೆ ಅವರಿಗೆ ಇದು ಆಗಲಿ. ವಯಸ್ಸಾದವರು, ಅನುಭವ ಇದ್ದವರು ಕೂಡ ಸಿಕ್ಕಿಬೀಳುತ್ತಾರೆ ಅಂತ ತೋರಿಸಿದರೆ ಯಾರೂ ಹುಡುಗಿಯನ್ನು ಪೆದ್ದಿ ಅನ್ನುವುದಿಲ್ಲ.

ಹಳೇ_ಕ್ಯಾಸೆಟ್:

ಮ್ಯಾನೇಜರ್ ಪಾತ್ರದ ಬಗ್ಗೆ ಕೇಳಿದಿರಿ. ದಯವಿಟ್ಟು ಅವನನ್ನು ಪೂರ್ತಿ ನಕಲಿ ಮಾಡಬೇಡಿ. ಲೂ ಪರ್ಲ್‌ಮನ್ ಅನ್ನುವವನ ಕಥೆ ಓದಿ. ಅಮೆರಿಕದ ಬ್ಯಾಕ್‌ಸ್ಟ್ರೀಟ್ ಬಾಯ್ಸ್, ಎನ್‌ಸಿಂಕ್ ಎರಡೂ ಪಾಪ್ ತಂಡಗಳ ಹಿಂದೆ ಇದ್ದವನು. ಹುಡುಗರನ್ನು ನಿಜವಾಗಿಯೂ ಸ್ಟಾರ್ ಮಾಡಿದ. ಮ್ಯಾನೇಜರ್ ಆಗಿ ತನ್ನ ಪಾಲು ತಗೊಂಡಿದ್ದಲ್ಲದೆ, ಐದು ಜನರ ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನಲ್ಲಿ ಆರನೇ ಸದಸ್ಯ ಅಂತಲೂ ತಗೊಂಡ. ಹುಡುಗರು ಕೋರ್ಟಿಗೆ ಹೋಗಬೇಕಾಯಿತು. ಇನ್ನೊಂದು ಕಡೆ ಹೂಡಿಕೆದಾರರಿಗೆ 30 ಕೋಟಿ ಡಾಲರ್‌ಗಿಂತ ಜಾಸ್ತಿ ನಾಮ ಹಾಕಿದ್ದ, 2008ರಲ್ಲಿ 25 ವರ್ಷ ಶಿಕ್ಷೆ ಆಯಿತು, 2016ರಲ್ಲಿ ಶಿಕ್ಷೆ ಅನುಭವಿಸುತ್ತಿದ್ದಾಗಲೇ ತೀರಿಕೊಂಡ. ಅಂಥವನ ಎದುರು ಕೂತಾಗ ಗೋಡೆ ಮೇಲಿರುವ ಫೋಟೋಗಳೆಲ್ಲ ಅಸಲಿಯೇ. ಯಾರು ತಾನೇ ಅನುಮಾನ ಪಡುತ್ತಾರೆ?

ಹಾಡು ಕೈತಪ್ಪುವುದನ್ನು ಕಾಂಟ್ರ್ಯಾಕ್ಟ್ ಮೂಲಕವೇ ತೋರಿಸಿ. ಹಾಡಿನಲ್ಲಿ ಎರಡು ಹಕ್ಕು ಇರುತ್ತದೆ. ಸಾಹಿತ್ಯ, ರಾಗದ್ದು ಒಂದು. ಆ ರೆಕಾರ್ಡಿಂಗ್‌ದು ಇನ್ನೊಂದು, ಅದಕ್ಕೆ ಮಾಸ್ಟರ್ ಅನ್ನುತ್ತಾರೆ. ಹೊಸಬರು ಒಂದೇ ಸಹಿಯಲ್ಲಿ ಎರಡನ್ನೂ ಕೊಟ್ಟುಬಿಡುತ್ತಾರೆ. ‘ಜಗತ್ತಿನಾದ್ಯಂತ, ಶಾಶ್ವತವಾಗಿ’ ಅನ್ನುವ ಸಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಮಾತು ಬೇಡ.

ಲೂಪ್_ಪೆಡಲ್:

ಇಲ್ಲಿ ಸ್ವಲ್ಪ ಜಗಳ ಇದೆ ನನಗೆ. ಕೆಟ್ಟ ಕಾಂಟ್ರ್ಯಾಕ್ಟ್ ಬೇರೆ, ಮೋಸ ಬೇರೆ ಅಲ್ವಾ? ಅಮೆರಿಕದ ಟಿಎಲ್‌ಸಿ ಅನ್ನುವ ಹುಡುಗಿಯರ ಹಾಡಿನ ತಂಡ, ಆಲ್ಬಂ ಭರ್ಜರಿಯಾಗಿ ಓಡುತ್ತಿದ್ದಾಗಲೇ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. ಅವರು ಸಹಿ ಮಾಡಿದ್ದು ನಿಜವಾದ ಕಂಪನಿಗಳ ಜೊತೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ನೋಡುವವರಿಗೆ ಗೊಂದಲ.

ಹಳೇ_ಕ್ಯಾಸೆಟ್:

ಕಾನೂನಿನಲ್ಲಿ ಬೇರೆ, ಒಪ್ಪುತ್ತೇನೆ. ಆದರೆ ಆ ಹುಡುಗಿಗೆ ಎರಡೂ ಒಂದೇ ಥರ ಕಾಣುತ್ತದೆ. ಅಲ್ಲೂ ‘ಇವತ್ತೇ ಸಹಿ ಮಾಡು, ನಾಳೆ ಬೇರೆಯವರಿಗೆ ಹೋಗುತ್ತೆ’ ಅನ್ನುತ್ತಾರೆ, ಇಲ್ಲೂ ಅದನ್ನೇ ಅನ್ನುತ್ತಾರೆ. ಅಸಲಿ ಯಾವುದು ಅಂತ ಅವಳು ಎಲ್ಲಿಂದ ಕಲಿಯಬೇಕು? ಸಿನಿಮಾಕ್ಕೆ ಆ ಗೊಂದಲವೇ ಬೇಕು.

ಕ್ಲ್ಯಾಪ್‌ಬೋರ್ಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಫೋನ್ ದೃಶ್ಯ ಪೂರ್ತಿ ಹೊಸದಾಗಿ ಬರೆಯುತ್ತೇನೆ, ದುಡ್ಡಿನ ಮಾತು ತುಂಬಾ ಮುಂದಕ್ಕೆ ಹಾಕುತ್ತೇನೆ. ಚೆಕ್ ಕಥೆ ಗುರುಗಳ ಪಾತ್ರಕ್ಕೆ ಹೋಗುತ್ತದೆ. ಹಳೇ ಕ್ಯಾಸೆಟ್ ಅವರೇ, ಕಾಂಟ್ರ್ಯಾಕ್ಟ್ ಪುಟ ತೆರೆಯ ಮೇಲೆ ಓದುವ ಹಾಗೆ ಕಾಣುತ್ತದೆ, ಅದರ ಭಾಷೆ ಸರಿ ಇದೆಯಾ ಅಂತ ಒಮ್ಮೆ ನೋಡಿಕೊಡುತ್ತೀರಾ?

ಹಳೇ_ಕ್ಯಾಸೆಟ್:

ಖಂಡಿತ ಕಳಿಸಿ. ಖರ್ಚು ಕಳೆಯುವ ಷರತ್ತೂ ಅದರಲ್ಲಿರಲಿ. ಅವಳ ಪಾಲಿನಿಂದ ಸ್ಟುಡಿಯೋ, ವಿಡಿಯೋ, ಊಟ, ಪ್ರಯಾಣ ಎಲ್ಲ ಕಳೆದ ಮೇಲೆ ಉಳಿದದ್ದು ಅವಳಿಗೆ, ಲೆಕ್ಕ ಬರೆಯುವುದು ಮಾತ್ರ ಅವರೇ. ಆ ಪುಟವನ್ನು ಚಿಕ್ಕ ಅಕ್ಷರದಲ್ಲೇ ಪ್ರಿಂಟ್ ಹಾಕಿಸಿ, ಅಸಲಿಯೂ ಹಾಗೇ ಇರುತ್ತದೆ.