‘ಎಂಡ್ಯೂರೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಪೇಂಟರ್ ಬರ್ತಾರೆ

ಬಳ್ಳಾರಿಯಿಂದ:
ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗೆ ದೈಹಿಕ ಶಿಕ್ಷಣ ಕಲಿಸುತ್ತೇನೆ. ಸಿಬಿಎಸ್‌ಇಯಲ್ಲಿ ಇದು ಐಚ್ಛಿಕ ವಿಷಯ. ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30 ಅಂಕ. ಪುಸ್ತಕ ಇಂಗ್ಲಿಷಿನಲ್ಲಿದೆ. ಮಕ್ಕಳಲ್ಲಿ ಅರ್ಧದಷ್ಟು ಜನ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರಿಗೆ ಅಂತ ಮೈದಾನದ ಗೋಡೆ ಮೇಲೆ ಕನ್ನಡ ಪದಗಳನ್ನು ಬರೆಸುತ್ತಿದ್ದೇನೆ. ಕಸುವು, ವೇಗ, ಚುರುಕು ಆಯ್ತು. ‘ಎಂಡ್ಯೂರೆನ್ಸ್’, ಅಂದರೆ ದಣಿವಾದರೂ ಬಿಡದೆ ಬಹಳ ಹೊತ್ತು ಮುಂದುವರಿಯುವ ಶಕ್ತಿ, ಅದರ ಹತ್ತಿರ ಸಿಕ್ಕಿಕೊಂಡಿದ್ದೇನೆ. ‘ಸಹಿಷ್ಣುತೆ’ ಅಂತ ಹಾಳೆಯಲ್ಲಿ ಬರೆದು ತೋರಿಸಿದೆ. ‘ಇದು ಸಮಾಜ ವಿಜ್ಞಾನದ್ದಲ್ವಾ ಸರ್? ಧಾರ್ಮಿಕ ಸಹಿಷ್ಣುತೆ?’ ಅಂದಳು ಒಬ್ಬ ಹುಡುಗಿ.

ಮೊನ್ನೆ ಕೂಪರ್ ಟೆಸ್ಟ್ ಮಾಡಿಸಿದೆ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಕೊಟ್ಟ ಆ 12 ನಿಮಿಷದ ಓಟ. ಸಿರುಗುಪ್ಪ ಕಡೆಯ ಹುಡುಗ ಎಂಟನೇ ನಿಮಿಷಕ್ಕೆ ನಿಂತುಬಿಟ್ಟ. ಮಂಡಿ ಮೇಲೆ ಎರಡೂ ಕೈ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ‘ಕಾಲಾಗ ಕಸುವೈತ್ರಿ ಸರ್, ದಮ್ಮೇ ಸಾಲವಲ್ದು’ ಅಂದ. ಪುಸ್ತಕ ಎರಡು ಪುಟದಲ್ಲಿ ಹೇಳುವುದನ್ನು ಅವನು ಒಂದೇ ಮಾತಲ್ಲಿ ಹೇಳಿದ್ದ. ‘ದಮ್ಮು’ ಅಂತಲೇ ಬರೆಸಲೇ?

ಕೊಪ್ಪಳದಿಂದ:
ಬೇಡ. ದಮ್ಮು ಪಾರ್ಸಿ ಪದ. ‘ತಾಳು’ ಅನ್ನೋ ಬೇರು ಮನೆಯಲ್ಲೇ ಇರುವಾಗ ಸಾಲ ಯಾಕೆ? ತಾಳು, ತಾಳ್ಮೆ, ತಾಳಿಕೆ. ತಾಳಿದವನು ಬಾಳಿಯಾನು ಅಂತಾರಲ್ಲ, ಅದೇ ತಾಳು. ತಾಳಿಕೆ ಅಂತ ಬರೆಸಿ, ಮುಗಿಯಿತು.

ಹೊಸಪೇಟೆಯಿಂದ:
ದಮ್ಮು ಪಾರ್ಸಿ ಅಂತ ಯಾರು ಹೇಳಿದ್ದು? ಶಮ-ದಮದ ‘ದಮ’ ಅದು. ಕಬಡ್ಡಿಯಲ್ಲಿ ದಮ್ಮು ಕಟ್ಟುವುದು ಅಂದರೆ ಉಸಿರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದೇ ತಾನೆ?

ರಾಯಚೂರಿನಿಂದ:
ಅಲ್ಲ. ಆ ‘ದಮ’ ಇಂದ್ರಿಯಗಳ ಹಿಡಿತ, ಉಸಿರಿನ ಮಾತು ಅಲ್ಲಿಲ್ಲ. ಪಾರ್ಸಿಯಲ್ಲಿ ‘ದಮ್’ ಅಂದರೇ ಉಸಿರು. ಅದರಲ್ಲಿ ನಾಚಿಕೆ ಏನಿದೆ? ಕುಸ್ತಿ, ಪೈಲ್ವಾನ ಪಾರ್ಸಿ, ತಾಲೀಮು ಅರಬ್ಬಿ. ಎಲ್ಲವನ್ನೂ ಗರಡಿಯಿಂದ ಹೊರಗೆ ಹಾಕ್ತೀರಾ? ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು, ಅದಕ್ಕೇ ನಮ್ಮ ಮಾತನ್ನು ಉರ್ದು ಅಂತ ತಳ್ಳಿಹಾಕೋದು ಎಲ್ಲರಿಗೂ ಸಲೀಸು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಹುಡುಗನ ಬಾಯಲ್ಲೂ ಅದೇ ದಮ್ಮು ಬಂತಲ್ಲ! ಜನ ಆಡಿದ್ದೇ ಕನ್ನಡ.

ಆದರೆ ಬರೀ ದಮ್ಮು ಅಂತ ಬರೆಸಬೇಡಿ ಸರ್. ನಮ್ಮ ಕಡೆ ಅಸ್ತಮಾಕ್ಕೂ ದಮ್ಮು ಅಂತಾರೆ. ‘ದಮ್ಮು ಹತ್ತಿತು’ ಅಂದರೆ ಏದುಸಿರು ಬಂತು ಅಂತ. ‘ದಮ್ ಹೊಡಿ’ ಅಂದರೆ ಬೀಡಿ ಸೇದು ಅಂತ. ಶಾಲೆ ಗೋಡೆ ಅದು.

ಕೊಪ್ಪಳದಿಂದ:
ಜನ ಆಡಿದ್ದೇ ಕನ್ನಡ ಅನ್ನೋದಾದರೆ ‘ಸ್ಟ್ಯಾಮಿನಾ’ನೂ ಜನ ಆಡ್ತಾರೆ. ಅದನ್ನೇ ಬರೆಸಿ. ಹೀಗೇ ಒಂದೊಂದೇ ಬಿಟ್ಟುಕೊಟ್ಟು ನಾಳೆ ಮಕ್ಕಳಿಗೆ ‘ಉಸಿರು’ ಅನ್ನೋ ಪದವೂ ಪುಸ್ತಕದ್ದು ಅನ್ನಿಸುತ್ತೆ. ನನ್ನ ಸಂಕಟ ಅದು.

ಬಳ್ಳಾರಿಯಿಂದ:
ಪೇಂಟರ್ ಬಂದು ಹೋದರು. ಕೊಪ್ಪಳ, ರಾಯಚೂರು, ನಿಮ್ಮಿಬ್ಬರ ಮಾತೂ ಕೆಲಸಕ್ಕೆ ಬಂತು. ರಾತ್ರಿ ಕೂತು ಯೋಚಿಸಿದಾಗ ಹೊಳೆದದ್ದು ಇಷ್ಟು. ದಮ್ಮು ಹೃದಯ, ಶ್ವಾಸಕೋಶದ ಮಾತು. ಓಟಕ್ಕೆ, ಕಬಡ್ಡಿಗೆ ಸರಿಯಾಗಿ ಕೂಡುತ್ತೆ. ಆದರೆ ನೂರು ಬಸ್ಕಿ ಹೊಡೆಯುವವನ ತೊಡೆ ಎಷ್ಟು ಹೊತ್ತು ತಡೆಯುತ್ತೆ ಅನ್ನೋದಕ್ಕೆ ದಮ್ಮು ಹೊಂದಲ್ಲ. ಪಠ್ಯದಲ್ಲಿ ಎರಡೂ ಎಂಡ್ಯೂರೆನ್ಸೇ. ಅದಕ್ಕೆ ದೊಡ್ಡ ಅಕ್ಷರದಲ್ಲಿ ‘ತಾಳಿಕೆ’ ಬರೆಸಿದೆ. ಕೆಳಗೆ ಸಣ್ಣದಾಗಿ ‘ಉಸಿರಿನ ತಾಳಿಕೆ: ದಮ್ಮು’, ಅದರ ಪಕ್ಕ ‘ಮಾಂಸಖಂಡದ ತಾಳಿಕೆ’. ಸಿರುಗುಪ್ಪದ ಹುಡುಗ ಬಂದು ತನ್ನ ಪದ ನೋಡಿ, ಬಣ್ಣ ಒಣಗಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿದ.

‘ಫ್ಲೆಕ್ಸಿಬಿಲಿಟಿ’ಗೆ, ಅಂದರೆ ಮೈ ಸಲೀಸಾಗಿ ಬಾಗುವ ಗುಣಕ್ಕೆ, ಜಾಗ ಖಾಲಿ ಬಿಟ್ಟಿದ್ದೇನೆ. ‘ನಮ್ಯತೆ’ ಬಿಟ್ಟು ಬೇರೆ ಇದ್ದರೆ ಹೇಳಿ. ಪೇಂಟರ್ ಸೋಮವಾರ ಮತ್ತೆ ಬರ್ತಾರೆ.