ವಾಲುವ ಕಮಾನು ಸೇತುವೆ: ಲೆಕ್ಕಾಚಾರ ಹೇಗೆ?

ಪ್ರಶ್ನೆ: ಕೆ.ಆರ್. ಪುರಂ ಹ್ಯಾಂಗಿಂಗ್ ಬ್ರಿಡ್ಜ್‌ನಲ್ಲಿ ದಾರಿಯನ್ನು ಹಿಡಿದಿರುವ ಕೇಬಲ್‌ಗಳನ್ನು ಕಂಬಕ್ಕೆ ಕಟ್ಟಿದ್ದಾರೆ. ಇಂಗ್ಲೆಂಡಿನ ಗೇಟ್ಸ್‌ಹೆಡ್ ಮಿಲೇನಿಯಂ ಸೇತುವೆಯಲ್ಲಿ (2001) ಕಮಾನಿಗೆ. ಹಡಗು ಬಂದಾಗ ಇಡೀ ಸೇತುವೆಯೇ ವಾಲುತ್ತದಂತೆ, ಅಷ್ಟು ಭಾರ ಎತ್ತೋದು ಹೇಗೆ?

ಉತ್ತರ 1: ಎತ್ತೋದಲ್ಲ ಸರ್, ತಿರುಗಿಸೋದು. ಕಮಾನು, ಬಾಗಿದ ಕಾಲುದಾರಿ ಎರಡೂ ಸೇರಿ ಒಂದೇ ಚೌಕಟ್ಟು. ಎರಡು ದಡದ ತಿರುಗುಕೀಲುಗಳ ಮೇಲೆ ಅದು 40 ಡಿಗ್ರಿ ಹೊರಳುತ್ತದೆ. ದಾರಿ ಮೇಲೇಳುವಾಗ ಕಮಾನು ಕೆಳಗಿಳಿಯುತ್ತದೆ, ಒಂದಕ್ಕೊಂದು ಎದುರುತೂಕ. ಹಾಗಾಗಿ ಹೈಡ್ರಾಲಿಕ್ ಜಾಕ್‌ಗಳಿಗೆ (ದ್ರವದ ಒತ್ತಡದಿಂದ ತಳ್ಳುವ ಯಂತ್ರಗಳು) ಪೂರ್ತಿ ಭಾರ ಬೀಳಲ್ಲ. ಸುಮಾರು ನಾಲ್ಕೂವರೆ ನಿಮಿಷದ ಕೆಲಸ.

ಉತ್ತರ 2: ವಾಲಿದಾಗ ದಾರಿಯ ಕಸ ತಾನೇ ಉರುಳಿ ತುದಿಯ ಗುಂಡಿಗೆ ಬೀಳುತ್ತದೆ. ನಮ್ಮ ಫ್ಲೈಓವರ್‌ಗೂ ಬೇಕಿತ್ತು!

ಉತ್ತರ 3: ಫ್ಲೈಓವರ್‌ಗೆ ಆಗದು. ಗೇಟ್ಸ್‌ಹೆಡ್ ಸೇತುವೆ ಪಾದಚಾರಿ, ಸೈಕಲ್‌ಗಳಿಗೆ ಮಾತ್ರ. ಲಾರಿ ಹೊರುವ ದಪ್ಪ ಡೆಕ್ (ಸೇತುವೆಯ ಹಾಸು) ಇದ್ದರೆ ಈ ಸಮತೋಲನವೇ ಕೆಡುತ್ತದೆ.